ಬರೀ ಅಂಕಿ ಸಾಕು

ಅವಳ ಬಳೆ ಮತ್ತೆ ಕೀಬೋರ್ಡಿಗೆ ತಾಗಿತು, ಟಿಣ್ — ಒಂದೇ ಬಳೆ, ಇನ್ನೊಂದು ಕೈಗೆ ವಾಚು, ಮೇಘನ, ಬಂದು ಮೂರು ವಾರ ಆಗಿಲ್ಲ, ಆಗಲೇ ಹುತ್ತೂರಿನ ಈ ಚಾಕಿ ಕೇಂದ್ರವೆಲ್ಲ ಅವಳದೇ, ನಾನು ಹನ್ನೊಂದು ವರ್ಷ ಕೂತು ಏನು ಕಡಿದು ಕಟ್ಟೆ ಹಾಕಿದೆ, ಇಲ್ಲಿ ಮೊಟ್ಟೆಯೊಡೆಸಿ ಸಾಕಿದ ರೇಷ್ಮೆಯ ಮರಿಹುಳು ಬೇಕೆಂದು ರೈತರು ಕಳಿಸುವ ಮೆಸೇಜು ಓದಿ ಯಾರಿಗೆ ಎಷ್ಟು ಮೊಟ್ಟೆ ಲೆಕ್ಕದ ಹುಳು ಅಂತ ಬರೆದೆ, ಅದನ್ನು ಇವಳ ಪ್ರೋಗ್ರಾಮು ಕಣ್ಣು ಮಿಟುಕಿಸುವುದರಲ್ಲಿ ಮಾಡುತ್ತದೆ — ಅಕ್ಷರವನ್ನೆಲ್ಲ ಬಿಸಾಕಿ ಅಂಕಿ ಹೆಕ್ಕುತ್ತದೆ, ರೈತರು ಬೇಡವೆಂದು ಮೈನಸ್ ಹಾಕಿದ ಅಂಕಿಯನ್ನು ಬಿಡುತ್ತದೆ, ನನಗೆ 100 ತಮ್ಮನಿಗೆ 50 ಅಂದರೆ ಕೂಡಿಬಿಡುತ್ತದೆ, ರಜನಿಯಕ್ಕಾ ಇನ್ಮೇಲೆ ಕಣ್ಣು ನೋಯಿಸ್ಕೋಬೇಡಿ, ಅಯ್ಯೋ ನನ್ನ ಕಣ್ಣಿನ ಚಿಂತೆ ನಿನಗ್ಯಾಕೆ ತಾಯಿ, ಕೇಂದ್ರದ ಮೇಲಧಿಕಾರಿ ಅಮರನಾಥ್ ಸಾರ್ ಹಲ್ಲು ಕಿಸಿದು ಏನ್ ತಲೆ ಕಣಮ್ಮ ನಿಂದು, ನಮಗೆ ಬರೀ ಅಂಕಿ ಸಾಕು, ಈ ರಜನಿ ಊರೋರ ಕಷ್ಟಸುಖ ಕೇಳ್ಕೊಂಡು ಮಧ್ಯಾಹ್ನ ಮಾಡ್ತಿದ್ಲು, ನನ್ನೆದುರಿಗೇ ಅಂದರು, ಹೊಟ್ಟೆ ಉರಿಯಿತು, ಹೌದು ಹೊಟ್ಟೆಕಿಚ್ಚೇ, ಯಾಕೆ ಸುಳ್ಳು ಹೇಳಲಿ.

ಈಗ ಪಟ್ಟಿ ನನ್ನ ಮುಂದಿದೆ, ವಕ್ಕಲೇರಿ ಮುನಿಯಲ್ಲಮ್ಮ, 154 — ನೂರೈವತ್ತನಾಲ್ಕಾ, ಅಜ್ಜಿಯ ತೋಟದ ಹಿಪ್ಪುನೇರಳೆ ಸೊಪ್ಪಿಗೆ ನೂರಕ್ಕಿಂತ ಹೆಚ್ಚು ಯಾವತ್ತು ಕೇಳಿದ್ದಾಳೆ, ಮೆಸೇಜು ತೆಗೆದೆ, ರಜನಮ್ಮ ಮೊಮ್ಮಗನ್ಗೆ 104 ಜ್ವರ ಕಣಮ್ಮ, ಈ ಸಲ 50 ಮೊಟ್ಟೆ ಸಾಕು, ಓಹೋ, ಜ್ವರವನ್ನೂ ಕೂಡಿಬಿಟ್ಟಿದೆ ಇವಳ ಜಾಣ ಪ್ರೋಗ್ರಾಮು, ಖುಷಿಯಾಯಿತು, ಹೇಳುವುದಿಲ್ಲ, ನಾಳೆ ಬೆಳಿಗ್ಗೆ ಗಾಡಿಯಲ್ಲಿ ಮೂರು ಪಟ್ಟು ಹುಳು ಹೋಗಲಿ, ಸೊಪ್ಪು ಮುಗಿಯಲಿ, ಹುಳು ಹಸಿದು ತಲೆ ಎತ್ತಿ ಆಡಿಸಲಿ, ಅಜ್ಜಿ ಬಾಗಿಲಲ್ಲಿ ನಿಂತು ಬಯ್ಯಲಿ, ಆಗ ಇವಳ ಮುಖ ನೋಡಬೇಕು — ಆದರೆ ಅಜ್ಜಿ ಜ್ವರದ ಸುದ್ದಿ ನನಗ್ಯಾಕೆ ಬರೆದಳು, ಕೇಳುತ್ತೇನೆ ಅಂತ, ಮೊದಲೆಲ್ಲ ಫೋನ್ ಮಾಡಿ ಇಳೀತಾ ಅಜ್ಜಿ ಅನ್ನುತ್ತಿದ್ದೆ, ಆಮೇಲೆ ಹುಳು ಬರೆದುಕೊಳ್ಳುತ್ತಿದ್ದೆ, ಈ ಮೆಸೇಜು ಬಂದದ್ದು ಮೊನ್ನೆ, ಯಂತ್ರ ಅಂಕಿ ಹೆಕ್ಕಿತು, ನಾನು ಮೇಘನಳ ತಪ್ಪು ಹೆಕ್ಕಿದೆ, ಜ್ವರ ಅಲ್ಲೇ ಉಳಿಯಿತು — ಟಿಣ್, ಅಕ್ಕಾ ಪಟ್ಟಿ ಸರಿ ಇದ್ಯಾ, ಗಾಡಿಯವರಿಗೆ ಕಳಿಸ್ಲಾ, ಬಾಯಿ ಬಿಟ್ಟರೆ ಇವಳು ಈಗಲೇ ತಿದ್ದಿಕೊಳ್ಳುತ್ತಾಳೆ, ಸಾರ್ ಮತ್ತೆ ಹೊಗಳುತ್ತಾರೆ, ತಡೀ ಕಣೇ, ಕಳಿಸ್ಬೇಡ, ಫೋನು ಕಿವಿಗಿಟ್ಟೆ, ರಿಂಗಾಗುತ್ತಿದೆ, ಎತ್ತು ಅಜ್ಜಿ, ಇಳೀತಾ, ಎರಡು ದಿನ, ಪರದೆಯ ಮೇಲೆ 104, ಯಾರೂ ಎತ್ತುತ್ತಿಲ್ಲ, ಮತ್ತೆ ಒತ್ತಿದೆ, 104, ರಿಂಗು, 104 —