ಲಗಾಮು ಹಿಡಿಯುವ ಕೈ

ನನ್ನ ನಾಲಿಗೆಗೆ ಎಲುಬಿಲ್ಲ ಅನ್ನುವುದು ಹೆರೆಸ್ ಊರಿಗೆಲ್ಲ ಗೊತ್ತು. ಮೇ ತಿಂಗಳ ಕುದುರೆ ಜಾತ್ರೆಯಲ್ಲಿ ನಮ್ಮ ಡೇರೆಯ ಮುಂದೆ ಕುರ್ಚಿ ಹಾಕಿಕೊಂಡು, ಹೋಗಿಬರುವ ಸವಾರರನ್ನೆಲ್ಲ ಆಡಿಕೊಳ್ಳುವುದು ನನ್ನ ಹಕ್ಕು ಎಂದೇ ತಿಳಿದಿದ್ದೆ. ನಲವತ್ತು ವರ್ಷ ಕುದುರೆ ಪಳಗಿಸಿದವನಿಗೆ ಬಾಯಿ ಮುಚ್ಚಿಕೊಂಡಿರು ಅಂದರೆ ಹೇಗೆ? ಸುತ್ತ ಕೂತವರೂ ಅದಕ್ಕೇ ಕಾಯುತ್ತಿದ್ದರು.

ಅವತ್ತು ಮಧ್ಯಾಹ್ನ ಗೆಳೆಯ ಗಾಸ್ಪಾರ್ ನನ್ನ ಮೊಣಕೈ ತಿವಿದ. "ಎವರಿಸ್ತೋ, ಅಲ್ನೋಡೋ, ಆ ಬಿಳಿ ಕುದುರೆಯವನ್ನ!"

ನೋಡಿದೆ. ಸವಾರನ ಹಿಂದೆ ಚುಕ್ಕಿ ಚುಕ್ಕಿ ನಿರಿಗೆಯಂಗಿಯ ಹುಡುಗಿಯೊಬ್ಬಳು ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತಿದ್ದಳು. ಆದರೆ ಆ ಪುಣ್ಯಾತ್ಮ ಲಗಾಮು ಹಿಡಿದಿದ್ದು ಬಲಗೈಯಲ್ಲಿ! ನಮ್ಮಲ್ಲಿ ಲಗಾಮು ಎಡಗೈಗೆ. ದನ ಅಟ್ಟುವವನ ಬಲಗೈಯಲ್ಲಿ ಉದ್ದನೆಯ ಕೋಲಿರುತ್ತಿತ್ತಲ್ಲ, ಅಲ್ಲಿಂದ ಬಂದ ಪದ್ಧತಿ. ಇವನೋ, ಎಡಗೈಯನ್ನು ನಡುಪಟ್ಟಿಯೊಳಗೆ ತೂರಿಸಿಕೊಂಡಿದ್ದ. ಟೋಪಿಯ ನೆರಳಲ್ಲಿ ಮುಖ ಕಾಣಲಿಲ್ಲ.

ನಾನು ಎದ್ದು ನಿಂತು ಕೂಗಿದೆ. "ಏನಪ್ಪಾ ಸವಾರ, ಎಡಗೈ ಮನೇಲೇ ಮರ್ತು ಬಂದ್ಯಾ? ಓಡ್ಹೋಗಿ ತಗೊಂಡ್ಬಾ, ಜಾತ್ರೆ ಇನ್ನೂ ಮೂರು ದಿನ ಇದೆ!"

ಅಕ್ಕಪಕ್ಕದ ಡೇರೆಗಳೂ ಗೊಳ್ಳೆಂದು ನಕ್ಕವು. ಗಾಸ್ಪಾರನ ಬಾಯಲ್ಲಿದ್ದ ವೈನು ಅಂಗಿಯ ಮೇಲೆ ಚೆಲ್ಲಿತು. ಎಲ್ಲರೂ ಅವನ ಒದ್ದೆ ಅಂಗಿ ನೋಡಿ ನಗುತ್ತಿದ್ದಾಗ ಸವಾರ ಕುದುರೆ ನಿಲ್ಲಿಸಿ ನನ್ನತ್ತ ತಲೆಯೆತ್ತಿದ. ಫೆರ್ಮಿನ್! ಇಪ್ಪತ್ತು ವರ್ಷ ನನ್ನ ಲಾಯದಲ್ಲಿ ದುಡಿದ ಫೆರ್ಮಿನ್.

ಎಂಟು ವರ್ಷದ ಹಿಂದೆ ಒಂದು ಪುಂಡ ಮರಿಗುದುರೆಯನ್ನು ಅವನು ಹಗ್ಗದಲ್ಲಿ ಸುತ್ತು ಹೊಡೆಸುತ್ತಿದ್ದ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಅದು ಲಾಯದ ಮೊದಲ ಪಾಠ. ನಾನೇ ಸಿಟ್ಟಿನಲ್ಲಿ, "ಸುತ್ಕೊಳ್ಳೋ, ಬಿಟ್ರೆ ನೋಡು!" ಎಂದು ಅರಚಿದೆ. ಸುತ್ತಿಕೊಂಡ. ಕುದುರೆ ಕಿತ್ತುಕೊಂಡು ಓಡಿತು. ಜೊತೆಗೆ ಅವನ ಎಡಗೈಯ ಮೂರು ಬೆರಳೂ ಹೋದವು. ಅವನದೇ ಅಜಾಗ್ರತೆ ಎಂದು ಊರಿಗೆಲ್ಲ ಹೇಳಿದೆ. ಅವನು ತುಟಿ ಬಿಚ್ಚಲಿಲ್ಲ.

ಈಗ ಅವನು ಟೋಪಿ ಮುಟ್ಟಿ ನನಗೆ ನಮಸ್ಕರಿಸಿದ. ಮಗಳನ್ನು ಇಳಿಸಿ, ತಾನೂ ಇಳಿದು, ಅಷ್ಟು ಸವಾರರ ನಡುವೆ ಕುದುರೆಯನ್ನು ನಡೆಸಿಕೊಂಡು ಹೊರಟ. ನಾನು ಹಿಂದೆಯೇ ಓಡಿದೆ. "ಬಿಡ್ಬೇಡ, ಇನ್ನೊಂದು ಕೊಡು!" ಎಂದು ಗಾಸ್ಪಾರ್ ಹುರಿದುಂಬಿಸಿದ.

ರಸ್ತೆಯಾಚೆಯ ನೀರಿನ ತೊಟ್ಟಿಯ ಹತ್ತಿರ ಸಿಕ್ಕಿದರು.

"ನೀನು ಅಂತ ಗೊತ್ತಾಗ್ಲಿಲ್ಲ ಕಣೋ," ಅಂದೆ.

"ಬಿಡಿ ಧಣಿ, ಜಾತ್ರೆ ಅಂದ್ಮೇಲೆ ತಮಾಷೆ ಇದ್ದಿದ್ದೇ. ಇವಳಿಗೆ ಬಿಸಿಲು ಹೊಡೀತಿತ್ತು, ಅದ್ಕೇ ಇಳಿದ್ವಿ."

"ಸುಳ್ಳು ಯಾಕಪ್ಪ ಹೇಳ್ತೀಯ?" ಎಂದಳು ಮಗಳು ಮಕರೇನಾ. ನನ್ನ ಕಡೆ ತಿರುಗಿದಳು. "ಎರಡು ವರ್ಷ ಹಿತ್ಲಲ್ಲಿ ಬಲಗೈಲಿ ಸವಾರಿ ಕಲ್ತಿದ್ದಾನೆ. ನಿಮ್ಮ ಡೇರೆ ಮುಂದೆ ಬೇಡ ಅಂದೆ. ಕೇಳ್ಲಿಲ್ಲ. 'ನಾನು ಮತ್ತೆ ಕುದುರೆ ಹತ್ತಿದ್ದನ್ನ ಧಣಿ ನೋಡ್ಲಿ, ಪಾಪ, ಅವರ ಮನಸ್ಸೂ ಹಗುರ ಆಗುತ್ತೆ' ಅಂದ."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಹತ್ತು ಫೆರ್ಮಿನ್, ನಿನ್ನ ದಮ್ಮಯ್ಯ," ಅಂದೆ. "ಅವರಿಗೆಲ್ಲ ಹೇಳ್ತೀನಿ. ಹಗ್ಗ ಸುತ್ಕೋ ಅಂದೋನು ನಾನೇ ಅಂತ ಹೇಳ್ತೀನಿ."

ಅವನ ಕಣ್ಣು ತುಂಬಿದ್ದನ್ನು ಕಂಡೆ.

"ಹೇಳಿ," ಎಂದಳು ಮಕರೇನಾ. "ಹೇಳಿ ಬಂದು ಕರೀರಿ, ಅಪ್ಪ ಹತ್ತುತ್ತಾನೆ. ನಾವಿಲ್ಲೇ ಇರ್ತೀವಿ."

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದೆ. ಡೇರೆಯ ಮುಂದೆ ಹದಿನೈದು ಮುಖ ನನ್ನತ್ತ ತಿರುಗಿದವು. ಎಲ್ಲರೂ ಕುದುರೆ ಬಲ್ಲವರು. ಹಗ್ಗ ಸುತ್ತಿಸಿದವನನ್ನು ಏನೆನ್ನುತ್ತಾರೆ ಎಂದು ನನಗೆ ಗೊತ್ತು.

"ಯಾರೋ ಅವನು?" ಗಾಸ್ಪಾರ್ ಕೇಳಿದ.

"ಯಾವನೋ ಹೊರಗಿನವನು," ಅಂದೆ. "ನಂಗೇನ್ ಗೊತ್ತು."

ಗಾಸ್ಪಾರ್ ನಗುತ್ತಾ ನನ್ನ ಲೋಟ ತುಂಬಿದ. ನಾನೂ ನಕ್ಕೆ. ಸಂಜೆ ಏಳಕ್ಕೆ ಕುದುರೆಗಳೆಲ್ಲ ಜಾತ್ರೆಯಿಂದ ಹೊರಡಬೇಕು. ಅಲ್ಲಿಯವರೆಗೂ ಅಪ್ಪ, ಮಗಳು ತೊಟ್ಟಿಯ ಹತ್ತಿರವೇ ನಿಂತಿದ್ದರು. ನನ್ನ ಕುರ್ಚಿಯಿಂದ ಚೆನ್ನಾಗಿ ಕಾಣುತ್ತಿತ್ತು.