ಬೆಳ್ಳಿಯ ಕೆಳಗಿನ ಹಿತ್ತಾಳೆ

ಲೋಹ ಬಡಿಯುವವರ ಊರಾದ ತುಗಾಯದಲ್ಲಿ ಸರೋವರದ ದಡಕ್ಕೆ ಬೆಳಗಾಗುವುದೇ ಸುತ್ತಿಗೆ ಸದ್ದಿನಿಂದ. ಆ ಗದ್ದಲದ ನಡುವೆ ಚಿಕ್ಕಪ್ಪನ ಕುಲುಮೆಯಲ್ಲಿ ಜಮೈಲಾ ಮಾತ್ರ ಸದ್ದಿಲ್ಲದ ಕೆಲಸ ಹಿಡಿದು ಕೂತಿದ್ದಳು. ತುಕ್ಕು ಹಿಡಿದ ಗುನೊಂಗ್ ಕಠಾರಿಯೊಂದನ್ನು ತೆಂಗಿನೆಣ್ಣೆಯ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತಿದ್ದಳು.

ಅದು ಊರಿಗೆಲ್ಲ ಆಪೊ ಆದ ಲಿಂಬಾಯ್ ಅಜ್ಜಿಯದು. "ನಮ್ಮ ಮಾವನ ಅಪ್ಪ ಅಮೆರಿಕದ ಸಿಪಾಯಿಗಳ ಎದುರು ಹಿಡಿದು ನಿಂತಿದ್ದು ಕಣೇ ಇದನ್ನ. ನಾಡಿದ್ದು ಮೊಮ್ಮಗ ಸೊಂಟಕ್ಕೆ ಸಿಕ್ಕಿಸ್ಕೊಂಡು ಮದುವೆಗೆ ಕೂರ್ತಾನೆ. ಫಳಫಳ ಅನ್ನಬೇಕು ನೋಡು," ಎಂದು ಕೊಟ್ಟು ಹೋಗಿದ್ದಳು.

ಮದುವೆ ಹೆಣ್ಣಿನ ದೊಡ್ಡಪ್ಪನಿಗೆ ಹಳೇ ಕತ್ತಿಗಳ ಹುಚ್ಚು. ಒರೆಯಿಂದ ಎಳೆದು, ತಿರುಗಿಸಿ ನೋಡಿ, 'ಯಾರ ಕೈಯದು?' ಎಂದು ಎಲ್ಲರೆದುರು ಕೇಳದೆ ಬಿಡುವವನಲ್ಲ. ಆಗ ಅಜ್ಜಿ ಎದ್ದು ವಂಶದ ಹೆಸರುಗಳನ್ನು ಹೇಳಬೇಕು. ಅದು ಸುಳ್ಳೆಂದಾದರೆ ಹೋಗುವುದು ಅಜ್ಜಿಯೊಬ್ಬಳ ಮಾನವಲ್ಲ, ಇಡೀ ಮನೆತನದ್ದು.

ಜಮೈಲಾ ಅಲಗಿಗೆ ನಿಂಬೆರಸ ಹಚ್ಚಿ ಕಾದಳು. ಅಷ್ಟು ಹಳೆಯದಾದರೆ ಮಡಿಸಿ ಬಡಿದ ಕಬ್ಬಿಣದ ಪದರಗಳು ಮರದ ಗೆರೆಗಳ ಹಾಗೆ ಮೇಲೇಳಬೇಕು. ಏಳಲಿಲ್ಲ. ಅಲಗು ಒಂದೇ ಸಮ ಬೂದಿ ಬಣ್ಣಕ್ಕೆ ತಿರುಗಿತು. ಇದು ಜೀಪಿನ ಸ್ಪ್ರಿಂಗ್ ಪಟ್ಟಿ! ಹಿಡಿಯ ತುದಿಯಲ್ಲಿ ಸಡಿಲಾಗಿದ್ದ ಬೆಳ್ಳಿ ತಗಡು ಬಿಚ್ಚಿದರೆ ಕೆಳಗೆ ಹಿತ್ತಾಳೆ. ದೊಡ್ಡ ತೋಟಾವೊಂದರ ತಳ. ಅದರ ಮೇಲೆ ಅಚ್ಚೊತ್ತಿದ ಇಸವಿ, 43.

"ಬಾಪಾ, ಇದು ಜಪಾನಿನವರ ಕಾಲದ್ದು. ಆ ಹೊತ್ತಿಗೆ ಆಪೊನ ಮಾವನ ಅಪ್ಪ ಮಣ್ಣು ಸೇರಿ ಎಷ್ಟು ವರ್ಷವಾಗಿತ್ತೋ."

ಅವಳ ಬಾಪಾ, ಚಿಕ್ಕಪ್ಪ ಕಾಸನ್, ತಲೆಯೆತ್ತಲೂ ಇಲ್ಲ. "ಅದಕ್ಯಾಕೆ ಮುಖ ಹಾಗೆ ಮಾಡ್ಕೊಂಡಿದೀಯ? ಪೆಟ್ಟಿಗೆಯಲ್ಲಿ ಹಳೇ ಅಲಗಿದೆ. ಹಿಡಿಯೊಳಗಿನ ರಾಳ ಕಾಯಿಸು, ಇದನ್ನ ಎಳಿ, ಅದನ್ನ ತೂರಿಸು. ಮೇಲೆ ಬೆಳ್ಳಿ ಮುಚ್ಚು. ಅಲ್ಲಾಹನಿಗೆ ಬಿಟ್ರೆ ಯಾರಿಗೂ ಗೊತ್ತಾಗಲ್ಲ."

"ಅವನಿಗೆ ಗೊತ್ತಾದ್ರೆ ಸಾಲದಾ?"

"ಬಾಯಿ ನೋಡು ಇವಳದ್ದು!"

ಹಳೇ ಅಲಗನ್ನು ಪಕ್ಕಕ್ಕಿಟ್ಟು ನೋಡಿದಳು. ಅಳತೆ ಹಾಳಾದ್ದು ಸರಿಯಾಗಿಯೇ ಇತ್ತು. ಆದರೆ ಕಣ್ಣು ಮತ್ತೆ ಮತ್ತೆ ಜೀಪಿನ ಅಲಗಿನ ಕಡೆಗೇ ಹೋಯಿತು. ಹಾವಿನಂತೆ ಬಳುಕಿದ ಅದರ ಅಂಚಿನ ಅಲೆಗಳು ಒಂದರಂತೆ ಒಂದಿರಲಿಲ್ಲ. ಯಾರೋ ಅಡಗಿ ಕೂತು, ಕಿವಿ ಹೊರಗಿಟ್ಟು, ಆತುರದಲ್ಲಿ ಬಡಿದಿದ್ದರು. ಅಲಗು ಬದಲಾಯಿಸಿದರೆ ಆ ಮನುಷ್ಯನೇ ಅಳಿಸಿಹೋಗುತ್ತಾನೆ.

ಜಮೈಲಾ ಕಠಾರಿ ಹಿಡಿದು ಹೋದಾಗ ಅಜ್ಜಿ ಮದುವೆ ಅಡುಗೆಗೆ ತೆಂಗಿನಕಾಯಿ ತುರಿಯುತ್ತಿದ್ದಳು. ವಿಷಯ ಕೇಳಿದ್ದೇ ತುರಿಯುವ ಕೈ ನಿಂತಿತು.

"ನಮ್ಮ ಮಾವ ಸುಳ್ಳು ಹೇಳಿದ್ರು ಅಂತೀಯಾ? ನಿನ್ನ ವಯಸ್ಸೆಷ್ಟೇ, ಮೊನ್ನೆ ಮೂಗೊರೆಸಿದೀನಿ ನಿಂಗೆ!"

"ನೀವೇ ನೋಡಿ ಆಪೊ."

ಅಜ್ಜಿ ಹಿತ್ತಾಳೆಯ ಮೇಲೆ ಹೆಬ್ಬೆರಳಾಡಿಸಿದಳು.

"ಜಪಾನಿನವರು ಇದ್ದಷ್ಟು ಕಾಲ ಮಾವ ಬೆಟ್ಟದಲ್ಲಿದ್ರಂತೆ," ಎಂದಳು. "ಕುಂಟ್ಕೊಂಡು ವಾಪಸ್ ಬಂದ್ರು. ಅಲ್ಲಿ ಏನಾಯ್ತು ಅಂದ್ರೆ ಬಾಯೇ ಬಿಡ್ತಿರ್ಲಿಲ್ಲ. 'ನಮ್ಮಪ್ಪನ ಮುಂದೆ ನಂದೇನು ಮಹಾ' ಅಂತ ಅಪ್ಪನ ಕಥೇನೇ ಹೇಳೋರು." ಮೂಗು ಸೀಟಿದಳು. "ತಮ್ಮ ಕಠಾರಿಗೂ ಅಪ್ಪನ ಹೆಸರೇ ಇಟ್ಬಿಟ್ರಲ್ಲೇ, ಪುಣ್ಯಾತ್ಮ."

"ಬೆಳ್ಳಿ ಮುಚ್ಚಲಾ?"

"ಬೇಡ. ಹಾಗೇ ಇರ್ಲಿ."

ಮದುವೆಯ ದಿನ ಹೆಣ್ಣಿನ ದೊಡ್ಡಪ್ಪ ಕಠಾರಿ ಎಳೆದ. ಪದರಗಳಿಲ್ಲದ ಅಲಗನ್ನು ನೋಡಿ ಹುಬ್ಬೇರಿಸಿ, "ಯಾರ ಕೈಯದು?" ಎಂದ. ಗಂಡಿನ ಕಡೆಯವರೆಲ್ಲ ಹಳೇ ಕಥೆಗೆ ಕಾಯುತ್ತಿದ್ದರು. ಅಜ್ಜಿ ಎದ್ದಳು. ಹೆಸರುಗಳನ್ನು ಮೇಲಿಂದ ಒಂದೊಂದಾಗಿ ಹೇಳುತ್ತ ಬಂದು, ಎಲ್ಲರೂ ಕಾದಿದ್ದ ಹೆಸರಿನಲ್ಲಿ ನಿಲ್ಲದೆ ಮುಂದೆ ಹೋದಳು.

"ದಿಬಾರೊಸಾನ್, ನನ್ನ ಮಾವ. ಅವರ ಕೈಯದು. ಜಪಾನಿನವರ ಕಾಲದಲ್ಲಿ ಬೆಟ್ಟದಲ್ಲಿ ಸಿಕ್ಕಿದ್ರಲ್ಲಿ ಮಾಡ್ಕೊಂಡಿದ್ದು. ಹಿರೀಕರದು ಅಂತ ನಾವು ಇಷ್ಟು ದಿನ ಹೇಳ್ತಿದ್ದಿದ್ದು ತಪ್ಪು."

ಜನ ಗುಸುಗುಸು ಎಂದರು. ದೊಡ್ಡಪ್ಪ ಕಠಾರಿಯನ್ನು ಬೆಳಕಿಗೆ ಹಿಡಿದು, ಹಿತ್ತಾಳೆಯ ಮೇಲಿದ್ದ ಇಸವಿ ಓದಿದ. ಆಮೇಲೆ ಅದನ್ನು ಒರೆಗೆ ಹಾಕಿ, ಎರಡೂ ಕೈಯಲ್ಲಿ ಎತ್ತಿಕೊಂಡು, ತಾನೇ ಬಗ್ಗಿ ಮದುಮಗನ ಸೊಂಟಕ್ಕೆ ಸಿಕ್ಕಿಸಿದ.