ಗಲ್ಲಿಯ ಗಂಟೆ

“ಗಂಟೆ ಎಲ್ಲೇ, ಮುಂಡೆ? ಗಂಟೆ ಅಲ್ಲಾಡಿಸ್ದೆ ಗಲ್ಲಿಗೆ ನುಗ್ತೀಯಾ? ಸ್ನಾನ ಮಾಡ್ಕೊಂಡು ನಿಂತಿದೀನಿ, ಕಣ್ಣು ಹೋಗಿದ್ಯಾ?”

ಆಂಜನಮ್ಮ ಕಕ್ಕಸಿನ ಡಬ್ಬವನ್ನು ಸೊಂಟಕ್ಕೆ ಆನಿಸಿಕೊಂಡೇ ಗೋಡೆಗೆ ಮುಖ ತಿರುಗಿಸಿದಳು. ಅವ್ವ ಪಟಾಲಮ್ಮ ಕಾಲು ಬಾತು ಮಲಗಿ ಎಂಟು ದಿನ. ಅಂದಿನಿಂದ ಡಬ್ಬ ಇವಳ ಕೈಗೆ ಬಂದಿತ್ತು. ಏಳನೇ ಕ್ಲಾಸು ಪಾಸಾದ ಕೈ. ಗಂಟೆ ಇನ್ನೂ ಅಭ್ಯಾಸವಾಗಿರಲಿಲ್ಲ.

ಹಲಸೂರು ಕೆರೆಯ ಈಚೆಗಿನ ಆ ಬಂಗಲೆಯಲ್ಲಿ ಹಿಂದೆ ಬಿಳಿ ದೊರೆಯಿದ್ದ. ಬಳಿಯುವವರು ಬಂದದ್ದು ಕೇಳಿಸಬೇಕು, ದೊರೆಸಾನಿ ಎದ್ದು ಒಳಗೆ ಹೋಗಬೇಕು ಅಂತ ಹಿತ್ತಾಳೆ ಗಂಟೆಯೊಂದನ್ನು ಕೊಟ್ಟಿದ್ದ. ದೊರೆ ಹಡಗು ಹತ್ತಿದ. ಬಂಗಲೆ ವಿಮಾ ಕಂಪನಿಯವರ ಆರು ಮನೆಗಳಾಯಿತು. ಗಂಟೆ ಉಳಿಯಿತು, ಗಲ್ಲಿಯ ತುದಿಯ ತಗಡಿನ ಮನೆಯೂ ಉಳಿಯಿತು. ಡಬ್ಬ ಎತ್ತುವವರಿಗೆ ಮಾತ್ರ ಆ ಮನೆ. ತಾತನಿಂದ ಅವ್ವನಿಗೆ, ಅವ್ವನಿಂದ ಇವಳಿಗೆ.

ಇವಳಿಗೆ ಬೇಡವಾಗಿತ್ತು. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸ ಖಾಲಿಯಿತ್ತು. ದೊಡ್ಡವರು ಯಾರಾದರೂ ನಡತೆ ಒಳ್ಳೆಯದೆಂದು ಅರ್ಜಿಯ ಮೇಲೆ ಬರೆದು ಸಹಿ ಹಾಕಬೇಕು. ಆರು ಮನೆಗಳ ಸಂಘದ ಕಾರ್ಯದರ್ಶಿ ವೆಂಕಟಾಚಲ, ಈಗ ಬೈದವನೇ, “ಆಗಸ್ಟ್ ಹದಿನೈದಕ್ಕೆ ಬಾ, ನೋಡೋಣ” ಅಂದಿದ್ದ.

ಇವತ್ತೇ ಹದಿನೈದು. ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿತ್ತು.

ಕೈಯನ್ನು ಮೂರು ಸಲ ಸೀಗೆಪುಡಿಯಲ್ಲಿ ಉಜ್ಜಿ, ಅರ್ಜಿ ಹಿಡಿದು ಬೇಲಿಯಾಚೆ ನಿಂತಳು. ಬಾವುಟ ಏರಿತು. ವೆಂಕಟಾಚಲ ಮೈಕಿನ ಮುಂದೆ ಬಂದ.

“ನಮ್ಮದಾದ ಮೇಲೆ ಬರ್ಮಾ, ಸಿಲೋನ್, ಘಾನಾ, ಕೀನ್ಯಾ... ಒಂದೊಂದಾಗಿ ಕಳಚಿಕೊಂಡವು. ಹೇಗೆ? ಬರೀ ಕೋವಿಯಿಂದಲ್ಲ! ದೊರೆ ರೈಲು ಓಡಿಸು ಅಂದ, ಓಡಿಸಲಿಲ್ಲ. ಮೂಟೆ ಹೊರು ಅಂದ, ಹೊರಲಿಲ್ಲ. ಅವನು ನಿಂತಿದ್ದೇ ನಮ್ಮ ಹೆಗಲ ಮೇಲೆ. ಹೆಗಲು ಸರಿಯಿತು, ಬಿದ್ದ!”

ಚಪ್ಪಾಳೆ. ಆಂಜನಮ್ಮನಿಗೆ ಅವ್ವ ಹೇಳಿದ್ದು ನೆನಪಾಯಿತು. ನಲವತ್ತೆರಡರ ಚಳವಳಿಯಲ್ಲಿ ಅಂಗಡಿ ಗಿರಣಿಗಳೆಲ್ಲ ಮುಚ್ಚಿದಾಗ ತಾತನೂ ಡಬ್ಬ ಕೆಳಗಿಟ್ಟಿದ್ದನಂತೆ. ಖಾದಿ ಟೋಪಿಯವರೇ ಬಂದು, “ನೀನು ನಿಲ್ಲಿಸ್ಬೇಡ್ವೋ, ನಮ್ಮನೆಗಳೂ ನಾರ್ತವೆ” ಅಂದರಂತೆ.

ಲಾಡು ಹಂಚುವಾಗ ಅವಳು ಎರಡೂ ಕೈಯಲ್ಲಿ ಅರ್ಜಿ ಚಾಚಿದಳು.

“ಕೆಳಗಿಡು.”

ಮೆಟ್ಟಿಲ ಮೇಲಿಟ್ಟಳು. ವೆಂಕಟಾಚಲ ಎತ್ತಿಕೊಂಡು ಓದಿದ.

“ಅಕ್ಷರ ದುಂಡಗಿದೆ ಕಣೇ. ನಮ್ಮ ಮಗಳು ಕೋಕಿಲಾಗೇ ಹೀಗೆ ಬರಲ್ಲ.”

ಅವಳ ಎದೆ ಹಗುರಾಯಿತು.

“ಆದ್ರೆ ನೀನು ಆಸ್ಪತ್ರೆಗೆ ಹೋದ್ರೆ ಇಲ್ಲಿ ಬಳಿಯೋರ್ಯಾರು, ಸತ್ತ ನಿಮ್ಮಪ್ಪ ಎದ್ದು ಬರ್ತಾನಾ?”

ಸುತ್ತಲಿದ್ದವರು ನಕ್ಕರು. ಅವನು ಎರಡು ಲಾಡುಗಳನ್ನು ಅದೇ ಅರ್ಜಿಯಲ್ಲಿ ಸುತ್ತಿ, ಮೇಲಿನಿಂದ ಅವಳ ಅಂಗೈಗೆ ಬಿಟ್ಟ. “ನಿಮ್ಮವ್ವಂಗೆ ಕೊಡು.”

“ಬುದ್ಧೀ, ಈಗ ತಾನೆ ಅಂದ್ರಲ್ಲ, ಹೆಗಲು ಸರೀತು ಅಂತ?”

“ಅದು ಬ್ರಿಟಿಷರ ವಿಷ್ಯ ಕಣೇ. ಹೋಗು, ಹೋಗು.”

ಮಾರನೆಯ ದಿನ ಗಲ್ಲಿಯಲ್ಲಿ ಗಂಟೆ ಕೇಳಲಿಲ್ಲ. ಅದರ ಮಾರನೆಯ ದಿನವೂ. ಮೂರನೆಯ ದಿನ ಆರು ಮನೆಗಳ ಅಡುಗೆಮನೆಗಳಿಗೆ ನೊಣ ನುಗ್ಗಿದವು. ವೆಂಕಟಾಚಲ ಮೂಗಿಗೆ ಕರ್ಚೀಫು ಒತ್ತಿಕೊಂಡು ಗಲ್ಲಿಯ ಬಾಯಲ್ಲೇ ನಿಂತು ಕೂಗಿದ: “ನಾಳೆ ಬೆಳಿಗ್ಗೆಗೆ ಮನೆ ಖಾಲಿ ಮಾಡಿ!”

“ಬ್ಯಾಡ ಕಣೇ, ನಾನೇ ತೆವಳ್ಕಂಡು ಹೋಗಿ ಬಳೀತೀನಿ,” ಎಂದು ಪಟಾಲಮ್ಮ ಎದ್ದಳು. ಎರಡು ಹೆಜ್ಜೆಗೆ ಬಿದ್ದಳು.

ಬೆಳಿಗ್ಗೆ, ವೆಂಕಟಾಚಲ ಹೇಳಿಕಳಿಸಿದ್ದಕ್ಕೆ, ಹೊರಮಾವಿನಿಂದ ಪಟಾಲಮ್ಮನ ತಮ್ಮ ಮುನಿನಾರಾಯಣಪ್ಪ ಬಂದ. ಹಿಂದೆ ಹೆಂಡತಿ, ಮೂರು ಮಕ್ಕಳು, ಪಾತ್ರೆಗಳ ಗಂಟು. ಅವನು ಅಕ್ಕನ ಮುಖ ನೋಡಲಿಲ್ಲ.

“ಗಂಟೆ ಕೊಡವ್ವಾ, ಆಂಜನಿ.”

“ಮಾವಾ, ನೀನಾ?”

“ನಾನಲ್ದಿದ್ರೆ ಇನ್ನೊಬ್ಬ ಬತ್ತಾನೆ. ಮಳೇಲಿ ಗುಡ್ಸಲು ಬಿದ್ದೋಯ್ತು. ಈ ಮಕ್ಳ ತಲೆ ಮ್ಯಾಲೆ ಒಂದು ತಗಡು ಬ್ಯಾಡ್ವಾ?”

ಆಂಜನಮ್ಮ ಒಳಗೆ ಹೋದಳು. ಮೊಳೆಯಿಂದ ಗಂಟೆ ತೆಗೆದಳು. ಒಳಗಿನ ತಂತಿಯನ್ನು ಹಲ್ಲಿನಿಂದ ಬಿಡಿಸಿ, ಬಡಿಯುವ ಕಬ್ಬಿಣದ ಗುಂಡನ್ನು ಕಿತ್ತು ಮುಷ್ಟಿಯಲ್ಲಿಟ್ಟುಕೊಂಡು, ಖಾಲಿ ಹಿತ್ತಾಳೆಯನ್ನು ಅವನಿಗೆ ಕೊಟ್ಟಳು. ಅವನು ನೋಡದೆ ಸೊಂಟಕ್ಕೆ ಕಟ್ಟಿಕೊಂಡು ಡಬ್ಬ ಎತ್ತಿದ.

ಅವ್ವನ ತೋಳನ್ನು ಹೆಗಲಿಗೆ ಹಾಕಿಕೊಂಡು ಅವಳು ರಸ್ತೆಗೆ ಬಂದಳು. ಯಾವ ಕಡೆ ತಿರುಗುವುದೆಂದು ಇನ್ನೂ ತೋಚಿರಲಿಲ್ಲ. ಹಿಂದೆ ಗಲ್ಲಿಯಿಂದ ವೆಂಕಟಾಚಲನ ದನಿ ಕೇಳಿಸಿತು:

“ಗಂಟೆ ಎಲ್ಲೋ, ಸೂಳೆಮಗನೆ?”

ಏಟಿನ ಸದ್ದು.

“ಅಲ್ಲಾಡಿಸ್ತಾನೇ ಇವ್ನಿ ಬುದ್ಧೀ... ಅಲ್ಲಾಡಿಸ್ತಾನೇ ಇವ್ನಿ...”

ಆಂಜನಮ್ಮನ ಕಾಲು ನಿಂತಿತು.

“ಕೈಯಾಗೆ ಏನೇ ಅದು?” ಅಂದಳು ಅವ್ವ.

ಮುಷ್ಟಿ ಬಿಚ್ಚಲಿಲ್ಲ.